ಹಾಡು ಚೆನ್ನಾಗಿದೆ, ಆದ್ರೆ ವಿಕಿಪೀಡಿಯ ಪುಟ?

ತಾನೇ ಹಾಡು ಬರೆದು, ಹಾಡಿ, ಯೂಟ್ಯೂಬ್‌ಗೆ ಹಾಕುವ ಹುಡುಗನೊಬ್ಬ ಮೊನ್ನೆ ಕೇಳಿದ: "ಅಣ್ಣಾ, ನನ್ನದೊಂದು ವಿಕಿಪೀಡಿಯ ಪುಟ ಮಾಡಿಕೊಡ್ತೀರಾ? ಇಲ್ಲಾಂದ್ರೆ ಒಂದು ಏಜೆನ್ಸಿಗೆ ದುಡ್ಡು ಕೊಡ್ತೀನಿ." ಎರಡೂ ಬೇಡ ಅಂದೆ. ಅವನ ಮುಖ ಸಣ್ಣದಾಯ್ತು.

ನೋಡಿ, "ಚೆನ್ನಾಗಿ ಹಾಡ್ತಾನಾ?" ಅನ್ನೋದು ವಿಕಿಪೀಡಿಯ ಕೇಳುವ ಪ್ರಶ್ನೆಯೇ ಅಲ್ಲ. ಇವನಿಗೆ ಸಂಬಂಧವಿಲ್ಲದವರು, ನಂಬಬಹುದಾದ ಕಡೆಗಳಲ್ಲಿ, ಇವನ ಬಗ್ಗೆ ವಿವರವಾಗಿ ಬರೆದಿದ್ದಾರಾ? ಅದು ಕೇಳೋದು ಇದನ್ನ. ನಾನು ಬಿಕಾಂ ಓದಿದವನು, ನನಗಿದು ಆಡಿಟ್ ಥರ ಕಾಣುತ್ತೆ. ಕಂಪನಿ ತನ್ನ ಲಾಭ ಎಷ್ಟು ಬೇಕಾದ್ರೂ ಬರೆದುಕೊಳ್ಳಲಿ, ಹೊರಗಿನ ಆಡಿಟರ್ ಸಹಿ ಬೇಕಲ್ವಾ? ಹಾಗಾಗಿ ಇನ್‌ಸ್ಟಾ ಫಾಲೋವರ್ಸ್, ಸ್ಪಾಟಿಫೈ ಬಯೋ, ದುಡ್ಡು ಕೊಟ್ಟು ಹಾಕಿಸಿದ ಸುದ್ದಿ ಯಾವುದೂ ಲೆಕ್ಕಕ್ಕಿಲ್ಲ. ಸಂದರ್ಶನವೂ ಅಷ್ಟೇನು ತೂಗಲ್ಲ, ಅಲ್ಲಿ ಮಾತಾಡೋದು ಅವನೇ ತಾನೆ. (ಅಂದ್ರೆ ನನ್ನ ಶೋಗೆ ಬಂದ್ರೂ ಉಪಯೋಗವಿಲ್ಲ!)

ಬೆಂಗಳೂರಿನ ಹಿಪ್‌ಹಾಪ್ ವೇದಿಕೆಗಳಲ್ಲಿ ಬೆಳೆದ ಹನುಮಾನ್‌ಕೈಂಡ್ ಅವರ 'ಬಿಗ್ ಡಾಗ್ಸ್' 2024ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 23ನೇ ಸ್ಥಾನ ಮುಟ್ಟಿತು. ಅಂಥವರ ಬಗ್ಗೆ ಚರ್ಚೆಯೇ ಬೇಡ. ಕಷ್ಟ ಇರೋದು ನಮ್ಮ ಹುಡುಗನಂಥವರಿಗೆ. ಕನ್ನಡದಲ್ಲಿ ಸಿನಿಮಾ ಹಾಡಿನ ಬಗ್ಗೆ ಬರೆಯೋರು ಸಿಗ್ತಾರೆ, ಇಂಡಿ ಆಲ್ಬಮ್ ಕೂತು ಕೇಳಿ ವಿಮರ್ಶೆ ಬರೆಯೋರು ಎಷ್ಟು ಜನ? ಬರೆಯೋರೇ ಇಲ್ಲದಿದ್ರೆ ಆಧಾರ ಎಲ್ಲಿಂದ ತರೋದು?

ಈ ನಿಯಮ ಎಡವಿದ್ದೂ ಉಂಟು. 2018ರಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಾಗ ವಿಕಿಪೀಡಿಯದಲ್ಲಿ ಅವರ ಪುಟವೇ ಇರಲಿಲ್ಲ. ಕೆಲವೇ ತಿಂಗಳ ಹಿಂದೆ, ಆಧಾರ ಸಾಲದು ಅಂತ ಅವರ ಕರಡನ್ನು ವಾಪಸ್ ಕಳಿಸಿದ್ರು! ಆದ್ರೂ ನಾನು ನಿಯಮದ ಕಡೆಗೇ. ಅದಿಲ್ಲದಿದ್ರೆ ದುಡ್ಡಿದ್ದವನಿಗೆಲ್ಲಾ ಒಂದೊಂದು ಪುಟ.

ಇನ್ನೊಂದು ವಿಷಯ. ಪುಟ ಬಂದ್ರೂ ಅದು ಅವನದಲ್ಲ, ಯಾರು ಬೇಕಾದ್ರೂ ತಿದ್ದಬಹುದು. ಅಳಿಸಬೇಕು ಅಂತ ಯಾರಾದ್ರೂ ಎತ್ತಿದ್ರೆ, ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಾಮಾನ್ಯವಾಗಿ 7 ದಿನ ಚರ್ಚೆ ನಡೆಯುತ್ತೆ. "ಇವನು ಯಾರು, ಯಾಕೆ ಬೇಕು?" ಅಂತ ಅಪರಿಚಿತರು ಬರೆದಿದ್ದು ಆಮೇಲೂ ಎಲ್ಲರಿಗೂ ಕಾಣೋ ಹಾಗೆ ಅಲ್ಲೇ ಉಳಿಯುತ್ತೆ. ಇಪ್ಪತ್ತೆರಡರ ಹುಡುಗನಿಗೆ ಅದು ಬೇಕಾ?

ಏಜೆನ್ಸಿಗೆ ಕೊಡೋ ದುಡ್ಡಲ್ಲಿ ಹೊಸ ಹಾಡಿನ ಮಿಕ್ಸಿಂಗ್ ಮಾಡಿಸು, ಸಂಗೀತದ ಬಗ್ಗೆ ಬರೆಯೋ ಇಬ್ಬರು ಪತ್ರಕರ್ತರಿಗೆ ಕಳಿಸು ಅಂದಿದ್ದೀನಿ. ಹೊಗಳಿ ಅಂತ ಕೇಳಬೇಡ, ಕೇಳಿ ಅಂತ ಮಾತ್ರ ಕೇಳು ಅಂತಲೂ ಹೇಳಿದ್ದೀನಿ. ಒಬ್ಬರು ಲಿಂಕ್ ತೆರೆದಿದ್ದಾರಂತೆ.