ಕಾವೇರಿಯ ದಡದ ಗಂಜಾಂ

ಶ್ರೀರಂಗಪಟ್ಟಣವನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಶ್ರೀರಂಗನಾಥಸ್ವಾಮಿಯ ದರ್ಶನಕ್ಕೋ, ಕೋಟೆಯ ಬುರುಜುಗಳನ್ನು ಮಕ್ಕಳಿಗೆ ತೋರಿಸುವುದಕ್ಕೋ, ಸಂಗಮದಲ್ಲಿ ಮೀಯುವುದಕ್ಕೋ ನಾವು ಒಮ್ಮೆಯಾದರೂ ಅಲ್ಲಿಗೆ ಹೋಗಿಯೇ ಇರುತ್ತೇವೆ. ಕೋಟೆಯಿಂದ ಸಂಗಮದ ಕಡೆಗೆ ಹೊರಟರೆ, ದರಿಯಾದೌಲತ್ತಿಗೂ ಗುಂಬಜಿಗೂ ನಡುವೆ ಒಂದು ಊರು ಸಿಕ್ಕುತ್ತದೆ. ಅದನ್ನು ನಾವು ದಾಟುತ್ತೇವೆಯೇ ಹೊರತು ನೋಡುವುದಿಲ್ಲ. ಅದರ ಹೆಸರು ಗಂಜಾಂ. ಇಂದಿನ ನಮ್ಮ ಮಾತು ಆ ಊರನ್ನು ಕುರಿತದ್ದು.

ಕಾವೇರಿಯು ಇಲ್ಲಿ ಎರಡಾಗಿ ಒಡೆದು, ಉದ್ದದಲ್ಲಿ ಸುಮಾರು ಮೂರು ಮೈಲಿ, ಅಗಲದಲ್ಲಿ ಸುಮಾರು ಒಂದು ಮೈಲಿ ಇರುವ ದ್ವೀಪವನ್ನು ತಬ್ಬಿಕೊಂಡು ಮತ್ತೆ ಒಂದಾಗುತ್ತದೆ. ದ್ವೀಪದ ಪಶ್ಚಿಮದ ತುದಿಯಲ್ಲಿ ಕೋಟೆ. ಪೂರ್ವದ ತುದಿಯಲ್ಲಿ ಲಾಲ್‌ಬಾಗ್ ತೋಟ, ಗುಂಬಜು, ಸಂಗಮ. ಇವೆರಡರ ನಡುವೆ ಕೋಟೆಯ ಹೊರಪೇಟೆಯಾಗಿ ಬೆಳೆದದ್ದು ಗಂಜಾಂ. ಗಂಜ್ ಎಂದರೆ ಪಾರಸಿಯಲ್ಲಿ ಭಂಡಾರ. ಸಂತೆ, ಧಾನ್ಯದ ಪೇಟೆ ಎಂಬ ಅರ್ಥವೂ ಆ ಮಾತಿಗೆ ಸೇರಿಕೊಂಡಿದೆ. ಹಳೆಯ ಬರೆಹಗಳಲ್ಲಿ ಇದನ್ನು ಷಹರ್ ಗಂಜಾಂ ಎಂದು ಕರೆದಿದ್ದಾರೆ. ಕೋಟೆಯೊಳಗೆ ಅಧಿಕಾರ, ಹೊರಗೆ ವ್ಯಾಪಾರ ಎಂಬ ವಿಭಾಗ ಆ ಕಾಲದ ರಾಜಧಾನಿಗಳಿಗೆಲ್ಲ ಸಹಜವಾಗಿದ್ದಿತು.

ಆದರೆ ಈ ಪೇಟೆ ಇತರ ಪೇಟೆಗಳಂತೆ ತಾನಾಗಿ ಬೆಳೆದುದಲ್ಲ, ಅಪ್ಪಣೆಯಿಂದ ಹುಟ್ಟಿದುದು. 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿ ಮೆರೆದ ಸಿರಾ ಪಟ್ಟಣವು 1761ರಲ್ಲಿ ಹೈದರಾಲಿಯ ವಶವಾಯಿತು. ತರುವಾಯ ಟಿಪ್ಪು ಸುಲ್ತಾನನು ತನ್ನ ಹೊಸ ಪೇಟೆಗೆ ಕಸಬಿನ ಜನ ಬೇಕೆಂದು ಆ ಸಿರಾದಿಂದ 12,000 ಕುಟುಂಬಗಳನ್ನು ಇಲ್ಲಿಗೆ ಸಾಗಿಸಿದನೆಂದು ಮೈಸೂರಿನ ಗ್ಯಾಸೆಟಿಯರು ಹೇಳುತ್ತದೆ. ಸಿರಾದಿಂದ ಶ್ರೀರಂಗಪಟ್ಟಣಕ್ಕೆ ಸುಮಾರು ನೂರು ಮೈಲಿ. ಬಯಲುಸೀಮೆಯ ಕೆರೆ ಬಾವಿಗಳ ನೀರು ಕುಡಿದು ಬೆಳೆದವರು ಮುದುಕರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹೊಳೆಯ ನಾಡಿಗೆ ಬರಬೇಕಾಯಿತು. ಪ್ರಭುವಿನ ಕಡತದಲ್ಲಿ ಅದು ಒಂದು ಅಂಕಿ. ಹೊರಟವರಿಗೆ ಮನೆದೇವರು, ಹೊಲ, ಹಿರಿಯರ ಸಮಾಧಿ ಎಲ್ಲವನ್ನೂ ಬಿಟ್ಟುಬಂದ ದುಃಖ. ಹೊಸ ಪೇಟೆಯ ಏಳಿಗೆಯನ್ನು ಹೇಳುವಾಗ ಆ ದುಃಖವನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ ಏಳಿಗೆಯಾದರೂ ಬಹುಕಾಲ ಬಾಳಲಿಲ್ಲ. 1792ನೆಯ ಇಸವಿ ಫೆಬ್ರವರಿ 6ರ ರಾತ್ರಿ ಕಾರನ್‌ವಾಲಿಸನ ಸೈನ್ಯವು ದ್ವೀಪವನ್ನು ಹೊಕ್ಕಿತು. ಪೇಟೆ ಅವರ ಬೀಡಾಯಿತು. ಲಾಲ್‌ಬಾಗಿನ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ತೋಟದ ಮರಗಳನ್ನೆಲ್ಲ ಕಡಿದು ಮುತ್ತಿಗೆಯ ತಡಿಕೆಗಳನ್ನೂ ಬುಟ್ಟಿಗಳನ್ನೂ ಹೆಣೆದರು. ಮಾರ್ಚಿಯಲ್ಲಿ ಒಡಂಬಡಿಕೆಯಾಯಿತು. ಏಳು ವರ್ಷಗಳಲ್ಲಿ ಇನ್ನೊಂದು ಮುತ್ತಿಗೆ. 1799ರ ಮೇ 4ರಂದು ಕೋಟೆ ಬಿದ್ದಿತು, ಸುಲ್ತಾನನು ಮಡಿದನು. ರಾಜಧಾನಿ ಮೈಸೂರಿಗೆ ಹೋಯಿತು. ದ್ವೀಪ ಕಂಪೆನಿಯ ಕೈಗೆ ಸೇರಿತು.

ಮರುವರ್ಷ, 1800ರಲ್ಲಿ, ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದನು. ಆತನು ಬರೆದಿಟ್ಟ ಲೆಕ್ಕ ಗಮನಾರ್ಹವಾದುದು. ಕೋಟೆಯಲ್ಲಿ 4,163 ಮನೆಗಳು. ಹೊರಪೇಟೆಯಲ್ಲಿ 2,216 ಮನೆಗಳು, 3,335 ಕುಟುಂಬಗಳು. ಮನೆಯೊಂದಕ್ಕೆ ಐವರಂತೆ ಒಟ್ಟು 31,895 ಜನ. ಸುಲ್ತಾನನ ಕಾಲದಲ್ಲಿ ದ್ವೀಪದ ಜನಸಂಖ್ಯೆ 1,50,000 ಇದ್ದಿತೆಂದು ಅಂದಾಜು. ನಾಲ್ಕು ಪಾಲಿಗೂ ಹೆಚ್ಚಿನ ಕುಸಿತ! ಆದರೆ ಅದೇ ಬುಕಾನನನು ಇನ್ನೊಂದು ಸಂಗತಿಯನ್ನೂ ಗುರುತಿಸಿದ್ದಾನೆ: ಹೊರಪೇಟೆ ಮತ್ತೆ ಬೇಗಬೇಗ ಬೆಳೆಯುತ್ತಿತ್ತು, ಅದರ ಬೀದಿಗಳನ್ನು ಅಗಲವಾಗಿಯೂ ನೇರವಾಗಿಯೂ ಹಾಕುತ್ತಿದ್ದರು.

ಕೇಳುಗರು ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕೆಂದು ನಮ್ಮ ಬಿನ್ನಹ. ಪೇಟೆಯನ್ನು ಕಟ್ಟಿಸಿದ ದೊರೆ ಇಲ್ಲ, ಆಸ್ಥಾನವಿಲ್ಲ, ನೆಯ್ದ ಬಟ್ಟೆಗೆ ಕೊಳ್ಳುವ ದಂಡಿಲ್ಲ, ಹೋಗಬೇಡಿರೆಂದು ತಡೆಯುವ ಕಾವಲಿಲ್ಲ. ಬಲವಂತದಿಂದ ಬಂದವರು ಹಿಂದಿರುಗುವುದಕ್ಕೆ ದಾರಿ ತೆರೆದಿದ್ದಿತು. ಎಷ್ಟೋ ಮಂದಿ ಹೋದರು, ನಿಜ. ಉಳಿದವರು ಮಾತ್ರ ಕಲ್ಲುಮಣ್ಣನ್ನು ಒಟ್ಟಿ ಮತ್ತೆ ಗೋಡೆ ಎಬ್ಬಿಸಿದರು. ಮೊದಲನೆಯ ಗಂಜಾಂ ಅಪ್ಪಣೆಯಿಂದ ಆದುದು. ಎರಡನೆಯದು ಜನರ ಇಚ್ಛೆಯಿಂದ ಆದುದು. ಈಗ ನಾವು ದಾಟಿಹೋಗುವ ಊರು ಈ ಎರಡನೆಯದು.

ಉಳಿದವರ ಬಾಳೇನೂ ಸುಖದ್ದಾಗಿರಲಿಲ್ಲ. ದ್ವೀಪದಲ್ಲಿ ಚಳಿಜ್ವರದ ಕಾಟ ಬಲವಾಗಿದ್ದಿತು. ಕೆಲವು ವರ್ಷಗಳಲ್ಲಿ ಕಂಪೆನಿಯ ದಂಡು ಅದಕ್ಕೆ ಅಂಜಿ ಬೆಂಗಳೂರಿಗೆ ಹೊರಟುಹೋಯಿತು. ದಂಡಿಗೆ ಹೋಗಲು ಇನ್ನೊಂದು ಊರಿದ್ದಿತು, ಜನಕ್ಕೆ ಇರಲಿಲ್ಲ. ಈ ಕಷ್ಟದ ಕಾಲದಲ್ಲಿ ಗಂಜಾಮಿನಲ್ಲಿ ನೆಲಸಿದವರು ಫ್ರೆಂಚ್ ಪಾದ್ರಿ ಅಬೆ ದುಬ್ವಾ. ಇಲ್ಲಿನವರ ಉಡುಪನ್ನೇ ಉಟ್ಟು, ಇಲ್ಲಿನವರ ಆಹಾರವನ್ನೇ ಉಂಡು ಬಾಳಿದ ಇವರನ್ನು ಜನರು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರು. ಸಿಡುಬಿನ ಹಾವಳಿಯನ್ನು ತಡೆಯುವುದಕ್ಕಾಗಿ ಅವರು ದೇವಿ ಹಾಕುವ ಕೆಲಸವನ್ನು ಕೈಗೊಂಡು, ಸೀಮೆಯಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ಹಾಕಿಸಿದರು. ನಮ್ಮ ಆಚಾರ ವ್ಯವಹಾರಗಳನ್ನು ಕುರಿತು ಅವರ ಹೆಸರಿನಲ್ಲಿ ಹೊರಬಂದ ಗ್ರಂಥದಲ್ಲಿ ನಾವು ಒಪ್ಪದ ಮಾತುಗಳು ಬಹಳವಿರಬಹುದು. 1823ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿದರು. ಅವರ ಹೆಸರಿನ ಪುಟ್ಟ ಇಗರ್ಜಿ ಗಂಜಾಮಿನಲ್ಲಿ ಉಳಿದಿದೆ.

ಅಲ್ಲಿಂದ ಹೊಳೆಯ ಕಡೆಗೆ ಇಳಿದರೆ ನಿಮಿಷಾಂಬಾ ದೇವಿಯ ಗುಡಿ. ಬೇಡಿದುದನ್ನು ನಿಮಿಷದಲ್ಲಿ ನೆರವೇರಿಸುವವಳೆಂದು ಭಕ್ತರ ನಂಬಿಕೆ. ಮೆಟ್ಟಿಲುಗಳ ಕೆಳಗೆ ಕಾವೇರಿ. ಆಚೆಯ ದಡದಲ್ಲಿ ಕರಿಘಟ್ಟದ ಬೆಟ್ಟ. ಪೂರ್ವಕ್ಕೆ ತಿರುಗಿದರೆ ಗುಂಬಜಿನ ಕರಿಯ ಕಂಬಗಳೂ ಬಿಳಿಯ ಗೋಪುರವೂ ಕಾಣುತ್ತವೆ; ಅದರೊಳಗೆ ಹೈದರಾಲಿ, ಫಕ್ರುನ್ನಿಸಾ, ಟಿಪ್ಪು ಮೂವರೂ ಮಲಗಿದ್ದಾರೆ. ಗುಡಿ, ಇಗರ್ಜಿ, ಗೋರಿ ಮೂರೂ ಒಂದು ಮುಂಜಾನೆಯ ನಡಿಗೆಯೊಳಗೆ ಸಿಕ್ಕುವ ಸ್ಥಳ ಇದು. ಮೂರಕ್ಕೂ ಬರುವವರಿಗೆ ಹೂವು, ಕಾಯಿ, ಊದುಬತ್ತಿ ಒದಗಿಸುವುದೂ ಬೀದಿಬದಿಯ ಅಂಗಡಿಯೇ.

ಗಂಜಾಮಿನ ಹೆಸರನ್ನು ದೂರಕ್ಕೆ ಒಯ್ದ ಇನ್ನೊಂದು ವಸ್ತು ಅಂಜೂರದ ಹಣ್ಣು. ಹೊಳೆ ತಂದ ಮಣ್ಣು, ಬಂಗಾರದೊಡ್ಡಿ ನಾಲೆಯು ಮೇಲ್ಗಾಲುವೆಯಿಂದ ನದಿಯನ್ನೇ ದಾಟಿಸಿ ದ್ವೀಪಕ್ಕೆ ತರುವ ನೀರು, ತೋಟಿಗರ ಕೈಗುಣ, ಈ ಮೂರರ ಫಲ ಅದು. ಗಂಜಾಂ ಅಂಜೂರವೆಂದರೆ ಮೈಸೂರು ಬೆಂಗಳೂರುಗಳ ಮಾರುಕಟ್ಟೆಯಲ್ಲಿ ಬೇರೆ ಮಾತು ಬೇಕಿರಲಿಲ್ಲ. ಆ ತೋಟಗಳು ಈಗ ಬಹಳ ಕಡಮೆಯಾಗಿವೆ. ಮಗ್ಗಗಳ ಸದ್ದೂ ಕಾಗದದ ಕಸಬೂ ಅದಕ್ಕೂ ಮೊದಲೇ ಅಡಗಿದುವು.

ಇಲ್ಲಿ ನಮಗೆ ತೋರುವ ಒಂದು ಮಾತನ್ನು ಹೇಳದೆ ಮುಗಿಸಲಾರೆವು. ಯಾವುದನ್ನು ಸ್ಮಾರಕವೆಂದು ನಾವು ಕಾಪಾಡುತ್ತೇವೆ? 1784ರಲ್ಲಿ ಕಟ್ಟಿದ ದರಿಯಾದೌಲತ್ತಿನ ಚಿತ್ರಗಳು ಮಾಸಿದಾಗ ಅವುಗಳನ್ನು ಹೊಸದುಮಾಡಿಸಿದರು, ಅದು ಉಚಿತವೇ. ಆದರೆ ಅರಮನೆಗಳೆಲ್ಲಕ್ಕೂ ಆ ಭಾಗ್ಯ ಬರಲಿಲ್ಲ. ಲಾಲ್‌ಬಾಗಿನ ಅರಮನೆಯನ್ನು ಕೆಡವಿ, ಅದರ ತೊಲೆಗಳನ್ನು 1829ರಲ್ಲಿ ಅಸ್ತಿಭಾರ ಹಾಕಿದ ಊಟಿಯ ಸೇಂಟ್ ಸ್ಟೀಫನ್ ಇಗರ್ಜಿಗೆ ಸಾಗಿಸಿದರೆಂದು ಪ್ರಸಿದ್ಧವಾಗಿದೆ. ದೊರೆಗಳ ಮನೆಯೂ ಹೀಗೆ ಗಾಡಿಯೇರಿ ಹೋಗಬಹುದು. ಹೋಗದೆ ಉಳಿದದ್ದು ನೇರವಾದ ಬೀದಿ, ಜಗಲಿ, ತೋಟದ ಬೇಲಿ, ಹೊಳೆಗೆ ಇಳಿಯುವ ಕಾಲುದಾರಿ. ಇವುಗಳಿಗೆ ಫಲಕವಿಲ್ಲ, ಕಾವಲುಗಾರನಿಲ್ಲ. ತೋಟವೊಂದು ನಿವೇಶನವಾದರೆ, ದಡದಲ್ಲಿ ಯಾತ್ರಿಕರು ಬಿಟ್ಟ ಬಟ್ಟೆ ಎಲೆಗಳು ರಾಶಿಬಿದ್ದರೆ, ನಷ್ಟವಾಯಿತೆಂದು ಬರೆದುಕೊಳ್ಳುವ ಪುಸ್ತಕವೂ ಇಲ್ಲ. ಊರನ್ನು ಎರಡನೆಯ ಸಲ ಕಟ್ಟಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರ ಶಾಸನ ಆ ಬೀದಿಗಳೇ.

ಆದಕಾರಣ ಮುಂದಿನ ಸಲ ಸಂಗಮಕ್ಕೆ ಹೋಗುವ ಕೇಳುಗರು ಗಂಜಾಮಿನಲ್ಲಿ ಗಾಡಿಯನ್ನು ನಿಲ್ಲಿಸಿ, ಅರ್ಧ ಗಂಟೆ ಕಾಲುನಡಗೆಯಲ್ಲಿ ಅದರ ಬೀದಿಗಳನ್ನು ಸುತ್ತಬೇಕೆಂದು ಕೇಳಿಕೊಳ್ಳುತ್ತೇವೆ. ಕಾಲದಲ್ಲಿ ಅಂಜೂರ ಸಿಕ್ಕಿದರೆ ತೋಟದವರಿಂದಲೇ ಕೊಳ್ಳಲಿ. ಹೊಳೆಗೆ ಇಳಿದವರು ಅದರಲ್ಲಿ ಏನನ್ನೂ ಬಿಟ್ಟುಬರದಿರಲಿ. ಕೃಷ್ಣರಾಜಸಾಗರದ ತೂಬುಗಳನ್ನು ತೆರೆದ ಮಳೆಗಾಲದ ದಿನಗಳಲ್ಲಿ ಕಾವೇರಿ ಗುಡಿಯ ಮೆಟ್ಟಿಲುಗಳನ್ನು ಏರಿ ಬರುತ್ತದೆ, ಮತ್ತೆ ಇಳಿಯುತ್ತದೆ; ನೀರು ಇಳಿದ ಮೇಲೆ ಮೆಟ್ಟಿಲಿನ ಕೆಸರನ್ನು ತೊಳೆಯುವವರು ಆ ಊರಿನವರೇ.