ಬಿಸಿಲು ಕಳೆಯುವ ಪಾಷಾಣ, ಕೆಸರಲ್ಲಿ ಉಳಿಯುವ ಪಾಷಾಣ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕುದಿಸಿ ಆರಿಸಿದ ನೀರು ಶುದ್ಧವೆಂಬ ನಂಬಿಕೆ ಮಲೆನಾಡಿನ ಮನೆಮನೆಯಲ್ಲಿದೆ. ರೋಗಾಣುಗಳ ಮಟ್ಟಿಗೆ ಅದು ನಿಜ. ಆರ್ಸೆನಿಕ್ ಎಂಬ ಪಾಷಾಣದ ಮಟ್ಟಿಗೆ ಅಲ್ಲ. ಕುದಿಸಿದರೆ ನೀರು ಆವಿಯಾಗುತ್ತದೆ, ಪಾಷಾಣ ಪಾತ್ರೆಯಲ್ಲಿಯೇ ಉಳಿಯುತ್ತದೆ.

ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶದ ಜನ ಇದನ್ನು ತಮ್ಮ ದೇಹದ ಮೇಲೆಯೇ ಅರಿಯಬೇಕಾಯಿತು. ಕೆರೆಕಟ್ಟೆಗಳ ನೀರಿನಿಂದ ಹರಡುವ ವಾಂತಿಭೇದಿಯನ್ನು ತಪ್ಪಿಸಲೆಂದು ಅಲ್ಲಿ ಲಕ್ಷಾಂತರ ಕೊಳವೆಬಾವಿಗಳನ್ನು ಕೊರೆಯಲಾಯಿತು. 1983ರಲ್ಲಿ ಕೋಲ್ಕತ್ತದ ಚರ್ಮವೈದ್ಯ ಡಾ. ಕೆ. ಸಿ. ಸಹಾ ಅವರು, ಮೈಮೇಲೆ ಕಪ್ಪು ಕಲೆಗಳೆದ್ದು ಅಂಗೈ ಅಂಗಾಲು ಗಡುಸಾದ ರೋಗಿಗಳಲ್ಲಿ ಈ ವಿಷವನ್ನು ಗುರುತಿಸಿದರು. ಲೀಟರಿಗೆ 10 ಮೈಕ್ರೋಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ. ಅಲ್ಲಿನ ಅನೇಕ ಬಾವಿಗಳಲ್ಲಿ ಅದರ ಹತ್ತಾರು ಪಟ್ಟು ಇತ್ತು. ಕರ್ನಾಟಕದಲ್ಲಿಯೂ ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಗಣಿ ಸೀಮೆಯ ಕೆಲವು ಹಳ್ಳಿಗಳ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿದೆ.

ಆಮ್ಲಜನಕವಿಲ್ಲದ ಅಂತರ್ಜಲದಲ್ಲಿ ಈ ಪಾಷಾಣ ಬಹುಪಾಲು ಆರ್ಸೆನೈಟ್ ರೂಪದಲ್ಲಿರುತ್ತದೆ. ಅದಕ್ಕೆ ವಿದ್ಯುದಂಶವಿಲ್ಲದ ಕಾರಣ ಕಬ್ಬಿಣದ ಶೋಧಕದಿಂದ ಸುಲಭವಾಗಿ ನುಸುಳಿಕೊಳ್ಳುತ್ತದೆ. ಉತ್ಕರ್ಷಣಗೊಂಡು ಆರ್ಸೆನೇಟ್ ಆದರೆ ಋಣ ವಿದ್ಯುದಂಶ ಪಡೆದು ಕಬ್ಬಿಣದ ತುಕ್ಕಿಗೆ ಅಂಟಿಕೊಳ್ಳುತ್ತದೆ. ಈ ರೂಪಾಂತರವನ್ನು ಬಿಸಿಲಿನಿಂದ ಮಾಡಿಸುವುದೇ ದ್ಯುತಿ ವೇಗವರ್ಧಕದ ಕೆಲಸ. ಗೋಡೆಯ ಬಿಳಿ ಬಣ್ಣಕ್ಕೆ ಬೆರೆಸುವ ಟೈಟೇನಿಯಂ ಡೈಆಕ್ಸೈಡ್ ಪುಡಿಯೇ ಆ ವೇಗವರ್ಧಕ. ನೇರಳಾತೀತ ಕಿರಣ ತಾಗಿದಾಗ ಅದರ ಎಲೆಕ್ಟ್ರಾನು ಸ್ಥಾನ ಬಿಟ್ಟು ಜಿಗಿಯುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಚುರುಕುಗೊಂಡು ಆರ್ಸೆನೈಟನ್ನು ಉತ್ಕರ್ಷಿಸುತ್ತದೆ. ಪುಡಿ ಮಾತ್ರ ಖರ್ಚಾಗುವುದಿಲ್ಲ.

ಕೇಳಲು ಸೊಗಸು. ಆದರೆ ಬಿಸಿಲಿನಲ್ಲಿ ನೇರಳಾತೀತ ಪಾಲು ಸುಮಾರು ನೂರಕ್ಕೆ ಐದು ಮಾತ್ರ. ಮಳೆಗಾಲದ ಮೋಡ, ಕದಡಿದ ನೀರು ಅದನ್ನೂ ತಡೆಯುತ್ತವೆ. ನುಣುಪು ಪುಡಿಯನ್ನು ಮರಳಿ ಸೋಸುವುದು ಕಷ್ಟವಾದ್ದರಿಂದ ಗಾಜಿನ ಮೇಲೆ ಲೇಪಿಸಿ ಬಳಸುವುದುಂಟು. ಬಾಂಗ್ಲಾದೇಶದಲ್ಲಿ ಇನ್ನೂ ಸರಳವಾದ ಬಿಸಿಲಿನ ವಿಧಾನವೊಂದನ್ನು ಪರೀಕ್ಷಿಸಲಾಯಿತು. ಕಬ್ಬಿಣದ ಅಂಶವಿರುವ ಬಾವಿನೀರನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ನಿಂಬೆರಸದ ಕೆಲವು ಹನಿ ಹಾಕಿ, ಬಿಸಿಲಿಗಿಟ್ಟು, ಕೆಸರು ತಳಕ್ಕಿಳಿದ ಮೇಲೆ ತಿಳಿನೀರನ್ನು ಬಸಿಯುವುದು. ಆರ್ಸೆನಿಕ್‌ನ ಬಹುಪಾಲು ಹೋಯಿತು, ಪೂರ್ತಿ ಹೋಗಲಿಲ್ಲ. ಲೀಟರಿಗೆ 300 ಮೈಕ್ರೋಗ್ರಾಂ ಇರುವ ನೀರಿನಲ್ಲಿ ಮೂರರಲ್ಲಿ ಎರಡು ಪಾಲು ಕಳೆದರೂ ಉಳಿಯುವ 100 ವಿಷವೇ.

ಕೃಷಿಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಆ ಕೆಸರು. ಆರ್ಸೆನಿಕ್ ಮೂಲಧಾತು; ಬೆಳಕು ಅದರ ರೂಪವನ್ನು ಬದಲಿಸೀತೇ ಹೊರತು ಅದನ್ನು ನಾಶಮಾಡಲಾರದು. ಕೆಸರನ್ನು ಗದ್ದೆಗೆ ಚೆಲ್ಲಿದರೆ, ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ತೀರಿ, ಸೂಕ್ಷ್ಮಜೀವಿಗಳಿಂದ ತುಕ್ಕು ಕರಗಿ, ಆರ್ಸೆನೇಟ್ ಮತ್ತೆ ಆರ್ಸೆನೈಟ್ ಆಗುತ್ತದೆ. ಭತ್ತದ ಬೇರು ಸಿಲಿಕಾನನ್ನು ಒಳಗೆಳೆಯುವ ದಾರಿಯಲ್ಲೇ ಅದನ್ನೂ ಎಳೆದುಕೊಳ್ಳುತ್ತದೆ. ಬಿಸಿಲು ಬಾಟಲಿಯಲ್ಲಿ ಮಾಡಿದ್ದನ್ನು ಗದ್ದೆ ಹಿಂದಿರುಗಿಸುತ್ತದೆ, ಅದೂ ಅನ್ನದ ಮೂಲಕ.

ಬಿಸಿಲಿನ ಶೋಧಕ ಹಿಡಿದು ಊರಿಗೆ ಯಾರಾದರೂ ಬಂದರೆ ಎರಡು ಪ್ರಶ್ನೆ ಕೇಳಬೇಕು: ಸೋಸಿದ ನೀರಿನ ಪ್ರಯೋಗಾಲಯ ವರದಿ ಎಲ್ಲಿ? ತುಂಬಿದ ಕೆಸರನ್ನು ಒಯ್ಯುವವರು ಯಾರು?