ಸೇನಾಧಿಕಾರಿಯಾಗುವ ವಿದ್ಯಾರ್ಥಿ: ನೆರವು ಯಾರದು, ಋಣ ಯಾರದು?

(ಉಪನ್ಯಾಸದ ಲಿಖಿತ ರೂಪ)



ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ಜೈನ ಮನೆಗಳಲ್ಲಿ ನಡೆಯುವ ಸಮಾಲೋಚನೆ ಬಹುಮಟ್ಟಿಗೆ ಒಂದೇ ಬಗೆಯದು. ಎಂಜಿನಿಯರಿಂಗ್, ವೈದ್ಯಕೀಯ, ಸಿ.ಎ., ಇಲ್ಲವೇ ತಂದೆಯ ಅಂಗಡಿ. ಸೇನಾಧಿಕಾರಿಯ ಹುದ್ದೆ ಈ ಪಟ್ಟಿಯಲ್ಲಿ ಅಪರೂಪಕ್ಕೆ ಸೇರುತ್ತದೆ. ಸೇರಿದರೂ ಎರಡು ಮಾತುಗಳಲ್ಲಿ ಮುಗಿದುಹೋಗುತ್ತದೆ. 'ಅಹಿಂಸೆಯ ಮನೆತನಕ್ಕೆ ಅದು ಸಲ್ಲದು' ಎಂಬುದು ಒಂದು. 'ಅದೆಲ್ಲ ಸೇನೆಯ ಮನೆತನದವರಿಗೆ, ಇಂಗ್ಲಿಷ್ ಬಲ್ಲ ಸಿರಿವಂತರಿಗೆ' ಎಂಬುದು ಇನ್ನೊಂದು. ಈ ಎರಡನ್ನೂ ಪರೀಕ್ಷಿಸಿ ನೋಡದೆ ಒಪ್ಪಿಕೊಂಡದ್ದರಿಂದ ಎಷ್ಟೋ ಮಕ್ಕಳು ಇಂಥದೊಂದು ಹಾದಿಯಿದೆ ಎಂಬುದನ್ನೂ ಅರಿಯದೆ ಪದವಿ ಮುಗಿಸುತ್ತಾರೆ.

ವಿಪರ್ಯಾಸವೆಂದರೆ, ಕನ್ನಡ ಜೈನ ಕುಟುಂಬಗಳು ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ನಗರಗಳೇ ಈ ಶಿಕ್ಷಣದ ತಾಣಗಳು. ಪುಣೆಯ ಹೊರವಲಯದ ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ, ಇದೆ. ಅದೇ ಪುಣೆಯಲ್ಲಿ 1948ರಲ್ಲಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿದೆ. ಚೆನ್ನೈಯಲ್ಲಿ 1963ರಿಂದ ಅಧಿಕಾರಿಗಳ ತರಬೇತಿ ಅಕಾಡೆಮಿ ನಡೆಯುತ್ತಿದೆ. ಹೈದರಾಬಾದಿನ ಸಮೀಪದ ದುಂಡಿಗಲ್ ವಾಯುಪಡೆಯ ಅಕಾಡೆಮಿಯ ನೆಲೆ. ಮುಂಬಯಿಯ ನೌಕಾಪಡೆ ಆಸ್ಪತ್ರೆ ಅಶ್ವಿನಿಯಲ್ಲಿ ಸೇನಾ ನರ್ಸಿಂಗ್ ಕಾಲೇಜಿದೆ. ಪರೀಕ್ಷೆ ನಡೆಸುವ ಲೋಕಸೇವಾ ಆಯೋಗ ದೆಹಲಿಯಲ್ಲಿದೆ. ಮನೆಯಿಂದ ಒಂದೆರಡು ಗಂಟೆಯ ಪ್ರಯಾಣದ ಈ ಸಂಸ್ಥೆಗಳು ಮನಸ್ಸಿಗೆ ಮಾತ್ರ ಬಹು ದೂರದಲ್ಲಿವೆ.

ಮೊದಲು ಹಣದ ವಿಚಾರ. ಎನ್‌ಡಿಎಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗಿನ ಅವಿವಾಹಿತರು ವರ್ಷಕ್ಕೆ ಎರಡು ಬಾರಿ ಪರೀಕ್ಷೆ ಬರೆಯಬಹುದು. ಅರ್ಜಿಯ ಶುಲ್ಕ 100 ರೂಪಾಯಿ. ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಆಯ್ಕೆಯಾದವರ ಮೂರು ವರ್ಷಗಳ ಶಿಕ್ಷಣ, ಊಟ, ವಸತಿ, ಚಿಕಿತ್ಸೆ ಎಲ್ಲವೂ ಸರ್ಕಾರದ ವೆಚ್ಚದಲ್ಲಿ ನಡೆಯುತ್ತವೆ. ಕೊನೆಗೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪದವಿ ಕೈಗೆ ಬರುತ್ತದೆ. ಪೋಷಕರ ಆದಾಯ ತಿಂಗಳಿಗೆ 21,000 ರೂಪಾಯಿಗಿಂತ ಕಡಿಮೆಯಿದ್ದರೆ ಕೈಖರ್ಚಿಗೆಂದು ತಿಂಗಳಿಗೆ 1,000 ರೂಪಾಯಿಯ ನೆರವೂ ಉಂಟು. 2021ರಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶದ ತರುವಾಯ ಈ ಬಾಗಿಲು ಹೆಣ್ಣುಮಕ್ಕಳಿಗೂ ತೆರೆಯಿತು. ಮೊದಲ ತಂಡದ 17 ಯುವತಿಯರು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು.

ವೈದ್ಯಕೀಯ ಕಾಲೇಜಿಗೆ ನೀಟ್ ಮೂಲಕ ಪ್ರವೇಶ. ಖಾಸಗಿ ಕಾಲೇಜಿನ ಎಂಬಿಬಿಎಸ್‌ಗಾಗಿ ಮನೆ ಮಾರುವ ಕುಟುಂಬಗಳ ನಡುವೆ, ಶುಲ್ಕವೇ ಇಲ್ಲದ ಈ ವ್ಯಾಸಂಗದ ಸುದ್ದಿ ತಲುಪದಿರುವುದು ಖೇದಕರ. ಸೇನಾ ನರ್ಸಿಂಗ್ ಸೇವೆಯ ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ಹೆಣ್ಣುಮಕ್ಕಳಿಗೆ ಇದೇ ರೀತಿ ಉಚಿತ. ಹನ್ನೆರಡರಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿ ಜೆಇಇ ಬರೆದವರಿಗೆ ಭೂಸೇನೆಯ ತಾಂತ್ರಿಕ ಪ್ರವೇಶ ಯೋಜನೆಯಿದೆ. ಎಂಜಿನಿಯರಿಂಗ್ ಪದವಿಯ ಖರ್ಚು ಸೇನೆಯದೇ. ಪದವಿ ಮುಗಿಸಿದವರಿಗೆ ಸಂಯುಕ್ತ ರಕ್ಷಣಾ ಸೇವಾ ಪರೀಕ್ಷೆ, ಅಂದರೆ ಸಿಡಿಎಸ್, ಇದೆ. ಅಧಿಕಾರಿಯಾಗುವ ಮುನ್ನಿನ ತರಬೇತಿಯ ಕಾಲದಲ್ಲಿ ಕೆಡೆಟ್‌ಗೆ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ. ಸಿರಿವಂತರಿಗೆ ಮಾತ್ರ ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

ಆಯ್ಕೆಯ ಬಗೆಗೂ ಒಂದು ಮಾತು. ಲಿಖಿತ ಪರೀಕ್ಷೆ ಅರ್ಧ ದಾರಿ ಮಾತ್ರ. ಉಳಿದರ್ಧ ಸೇವಾ ಆಯ್ಕೆ ಮಂಡಳಿಯ ಐದು ದಿನಗಳ ಪರೀಕ್ಷೆ. ಭೂಸೇನೆಯ ಇಂಥ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ವಾಯುಪಡೆಯದೊಂದು ಮೈಸೂರಿನಲ್ಲಿಯೂ ಇವೆ. ಚಿತ್ರವೊಂದನ್ನು ನೋಡಿ ಕಥೆ ಬರೆಯಬೇಕು, ಗುಂಪಿನಲ್ಲಿ ಚರ್ಚಿಸಬೇಕು, ಹಲಗೆ ಹಗ್ಗ ಹಿಡಿದು ಸಂಗಡಿಗರೊಂದಿಗೆ ಅಡೆತಡೆ ದಾಟಬೇಕು, ಸಂದರ್ಶನಕ್ಕೆ ಕೂರಬೇಕು. ಇಲ್ಲಿ ಅಳೆಯುವುದು ಜ್ಞಾಪಕಶಕ್ತಿಯನ್ನಲ್ಲ. ಹೊಣೆಗಾರಿಕೆ, ಸಹಕಾರ, ನಿರ್ಧಾರ, ಧೈರ್ಯ ಮೊದಲಾದ ಹದಿನೈದು ಗುಣಗಳನ್ನು. ಜಾತಿ ಮತಗಳ ಮೀಸಲಾತಿಯಿಲ್ಲ, ಶಿಫಾರಸಿಗೆ ಎಡೆಯಿಲ್ಲ. ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಓಡಿ, ಬಸ್ಸಿನ ಟಿಕೆಟ್ಟನ್ನೂ ತಾನೇ ಕೊಂಡರಿಯದ ಮಗು ಇಲ್ಲಿ ತಡವರಿಸುತ್ತದೆ. ಇದು ಮಗುವಿನ ದೋಷವಲ್ಲ, ಸಾಕಿದ ರೀತಿಯದು.

ಇನ್ನು ಇಂದಿನ ಮಾತಿನ ತಿರುಳಿಗೆ ಬರಬೇಕು. ಮೇಲೆ ಹೇಳಿದ ಉಚಿತ ಬಾಗಿಲುಗಳಲ್ಲಿ ಹೆಚ್ಚಿನವು ಹದಿನೆಂಟರ ಆಸುಪಾಸಿನಲ್ಲಿಯೇ ತೆರೆದು ಮುಚ್ಚಿಹೋಗುತ್ತವೆ. ಆ ವಯಸ್ಸಿನಲ್ಲಿ ಸುದ್ದಿ ತಿಳಿಯದವರು, ತಿಳಿದೂ ತೇರ್ಗಡೆಯಾಗದವರು ಸಾಮಾನ್ಯ ಕಾಲೇಜು ಸೇರುತ್ತಾರೆ. ಅಲ್ಲಿಂದಾಚೆ ಮೂರು ವರ್ಷ ಅವರ ಕೈಹಿಡಿಯುವ ಸೇನಾ ವಿದ್ಯಾರ್ಥಿವೇತನ ಇಲ್ಲವೆಂದರೂ ಸಲ್ಲುತ್ತದೆ. ಕಾಲೇಜಿನಲ್ಲಿ ಇರುವುದು ಎನ್‌ಸಿಸಿ. 1948ರ ಕಾಯಿದೆಯಿಂದ ಹುಟ್ಟಿದ ಈ ಸಂಸ್ಥೆ ಸಮವಸ್ತ್ರ, ಕವಾಯತು, ಶಿಬಿರ, ಶಿಸ್ತು ಕೊಡುತ್ತದೆ. 'ಸಿ' ಪ್ರಮಾಣಪತ್ರದಲ್ಲಿ ಕನಿಷ್ಠ 'ಬಿ' ಶ್ರೇಣಿ, ಪದವಿಯಲ್ಲಿ ಶೇಕಡಾ 50 ಅಂಕ ಪಡೆದವರು ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಆಯ್ಕೆ ಮಂಡಳಿಯ ಮುಂದೆ ನಿಲ್ಲಬಹುದು. ಆಯ್ಕೆಯಾದವರಿಗೆ ಚೆನ್ನೈಯಲ್ಲಿ 49 ವಾರಗಳ ತರಬೇತಿ. ಇದು ಅಮೂಲ್ಯವಾದ ಅವಕಾಶ. ಆದರೆ ಸ್ಥಾನಗಳು ಕೆಲವೇ ಹತ್ತುಗಳಷ್ಟು. ಮತ್ತು ಆ ಹಂತದವರೆಗೆ ಪದವಿಯ ಶುಲ್ಕ, ಹಾಸ್ಟೆಲಿನ ಬಾಡಿಗೆ, ಪುಸ್ತಕದ ಹಣ ಮನೆಯವರೇ ಹೊಂದಿಸಬೇಕು. ಮುಂಜಾನೆಯ ಪರೇಡು ಮುಗಿಸಿ, ಕಾಲೇಜು ಮುಗಿಸಿ, ಸಂಜೆ ಅಂಗಡಿಯಲ್ಲಿ ಲೆಕ್ಕ ಬರೆಯಬೇಕಾದ ಹುಡುಗ ಎರಡನೆಯ ವರ್ಷದಲ್ಲಿ ಬಿಡುವುದು ಲೆಕ್ಕದ ಕೆಲಸವನ್ನಲ್ಲ, ಎನ್‌ಸಿಸಿಯನ್ನು.

ಅಮೆರಿಕದಲ್ಲಿ ಈ ಕೊರತೆಯನ್ನು ಬೇರೆ ರೀತಿ ತುಂಬಿದ್ದಾರೆ. 1916ರ ರಾಷ್ಟ್ರೀಯ ರಕ್ಷಣಾ ಕಾಯಿದೆಯಿಂದ ಬಂದ ಆರ್‌ಒಟಿಸಿ ಎಂಬ ವ್ಯವಸ್ಥೆಗೆ 1964ರಲ್ಲಿ ವಿದ್ಯಾರ್ಥಿವೇತನ ವಿಸ್ತಾರವಾಗಿ ಸೇರಿತು. ವಿದ್ಯಾರ್ಥಿ ಸಾಮಾನ್ಯ ವಿಶ್ವವಿದ್ಯಾಲಯದಲ್ಲಿಯೇ ತನ್ನಿಷ್ಟದ ವಿಷಯ ಓದುತ್ತಾನೆ; ಜೊತೆಗೆ ಸೇನಾ ಪಾಠ, ಬೇಸಿಗೆಯ ಶಿಬಿರ. ಶುಲ್ಕವನ್ನು ಸೇನೆ ಕಟ್ಟುತ್ತದೆ, ಪುಸ್ತಕಕ್ಕೂ ಕೈಖರ್ಚಿಗೂ ಹಣ ಕೊಡುತ್ತದೆ. ಪ್ರತಿಯಾಗಿ ಪದವಿಯ ನಂತರ ಸಕ್ರಿಯ ಮತ್ತು ಮೀಸಲು ಪಡೆಗಳಲ್ಲಿ ಒಟ್ಟು ಎಂಟು ವರ್ಷಗಳ ಸೇವೆಯ ಬಾಧ್ಯತೆ. ನಾಲ್ಕು ವರ್ಷಗಳ ವೇತನ ಪಡೆದವನು ಮೊದಲ ವರ್ಷದಲ್ಲಿ ಋಣವಿಲ್ಲದೆ ಹೊರನಡೆಯಬಹುದು. ಎರಡನೆಯ ವರ್ಷಕ್ಕೆ ಕಾಲಿಟ್ಟ ಮೇಲೆ ಬಿಟ್ಟರೆ ಹಣ ಹಿಂದಿರುಗಿಸಬೇಕು, ಇಲ್ಲವೇ ಸಾಮಾನ್ಯ ಸೈನಿಕನಾಗಿ ಸೇವೆ ಸಲ್ಲಿಸಬೇಕು.

ಈ ಪದ್ಧತಿಗೆ ಅದರದೇ ಕತ್ತಲೆಯ ಮಗ್ಗುಲಿದೆ. ಕಾಲೇಜು ಶುಲ್ಕ ಗಗನಕ್ಕೇರಿದ ದೇಶದಲ್ಲಿ ಬಡವರ ಮಗ ಸೇನೆಯನ್ನು ಆರಿಸಿದನೋ, ಬಡತನ ಅವನನ್ನು ಸೇನೆಗೆ ತಳ್ಳಿತೋ ಎಂಬ ಪ್ರಶ್ನೆ ಅಲ್ಲಿ ಎಂದಿಗೂ ಆರಿಲ್ಲ. ಆದ್ದರಿಂದ ಅದನ್ನು ಹಾಗೆಯೇ ತಂದು ನೆಡುವ ಅಗತ್ಯವಿಲ್ಲ. ಆದರೆ ಮೂಲತತ್ತ್ವ ಸ್ವೀಕಾರಾರ್ಹ. ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಅಂತಿಮ ವರ್ಷಕ್ಕೆ ಮೊದಲೇ ಆರಿಸುವ ವಿಶ್ವವಿದ್ಯಾಲಯ ಪ್ರವೇಶ ಯೋಜನೆ ಭಾರತದ ಸೇನೆಗೆ ಅಪರಿಚಿತವೇನಲ್ಲ. ಅದೇ ಜಾಡಿನಲ್ಲಿ, ಎನ್‌ಸಿಸಿಯಲ್ಲಿ ಒಂದು ವರ್ಷ ಪೂರೈಸಿದ ಯಾವುದೇ ವಿಷಯದ ವಿದ್ಯಾರ್ಥಿಯನ್ನು ಆಯ್ಕೆ ಮಂಡಳಿ ಪರೀಕ್ಷಿಸಿ, ಅರ್ಹನಾದರೆ ಉಳಿದ ಎರಡು ವರ್ಷಗಳ ಶುಲ್ಕ ಮತ್ತು ನಿರ್ವಹಣಾ ವೆಚ್ಚವನ್ನು ಸರ್ಕಾರ ವಹಿಸಲಿ. ಅಧಿಕಾರಿಗಳ ಕೊರತೆಯನ್ನು ಸರ್ಕಾರ ಸಂಸತ್ತಿನಲ್ಲಿ ಮತ್ತೆ ಮತ್ತೆ ಒಪ್ಪಿಕೊಂಡಿರುವಾಗ ಇದು ದಾನವಲ್ಲ, ದೂರದೃಷ್ಟಿ.

ಆದರೆ ಇಂಥ ಯೋಜನೆಯನ್ನು ಕೇಳುವ ಮುನ್ನ ಒಪ್ಪಂದದ ಇನ್ನೊಂದು ಬದಿಯನ್ನು ಓದಬೇಕು. ಉಚಿತವೆಂಬ ಶಿಕ್ಷಣಕ್ಕೆ ಬೆಲೆಯಿದೆ. ಎನ್‌ಡಿಎ ಸೇರುವಾಗ ಪೋಷಕರು ಬರೆದುಕೊಡುವ ಪತ್ರದ ಪ್ರಕಾರ, ಕೆಡೆಟ್ ತನ್ನಿಚ್ಛೆಯಿಂದ ನಡುವೆ ಬಿಟ್ಟುಬಂದರೆ ಶಿಕ್ಷಣದ ವೆಚ್ಚವನ್ನು ಭರಿಸಬೇಕಾಗುತ್ತದೆ. ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಓದಿದವರಿಗೆ ಕಡ್ಡಾಯ ಸೇವೆಯಿದೆ. ಚೆನ್ನೈಯಿಂದ ಹೊರಬರುವವರದು ಅಲ್ಪಾವಧಿ ಸೇವೆ: ಹತ್ತು ವರ್ಷ, ಬೇಕಾದರೆ ಇನ್ನು ನಾಲ್ಕು. ಶಾಶ್ವತ ಹುದ್ದೆ ದೊರೆಯದವರು ಮೂವತ್ತೈದರ ಸುಮಾರಿಗೆ ಪಿಂಚಣಿಯಿಲ್ಲದೆ ಹೊಸ ಬದುಕು ಕಟ್ಟಬೇಕು. ಇದನ್ನು ಮೊದಲೇ ತಿಳಿದು ಹೋಗುವುದು ಬೇರೆ, ಆಮೇಲೆ ತಿಳಿದು ಮರುಗುವುದು ಬೇರೆ.

ಅದಕ್ಕಿಂತ ಗಂಭೀರವಾದುದು ತರಬೇತಿಯಲ್ಲಿ ಗಾಯಗೊಂಡವರ ಪಾಡು. ಬೆನ್ನುಮೂಳೆಗೆ, ತಲೆಗೆ ಪೆಟ್ಟು ಬಿದ್ದು ವೈದ್ಯಕೀಯ ಕಾರಣದಿಂದ ಹೊರಕಳಿಸಲ್ಪಟ್ಟ ಕೆಡೆಟ್ ಇನ್ನೂ ಅಧಿಕಾರಿಯಾಗಿರಲಿಲ್ಲ ಎಂಬ ಕಾರಣಕ್ಕೆ ಅವನಿಗೆ ಮಾಜಿ ಸೈನಿಕನ ಸ್ಥಾನ ಸಿಗಲಿಲ್ಲ. ಅಂಗವೈಕಲ್ಯ ಪಿಂಚಣಿಯ ಬದಲು ಅನುಗ್ರಹಧನ ಮಾತ್ರ ಬಂತು. ತರಬೇತಿಯಲ್ಲಿರುವ ಸಾಮಾನ್ಯ ಸೈನಿಕನಿಗೆ ಇರುವ ರಕ್ಷಣೆ ಅಧಿಕಾರಿಯಾಗಲು ಹೊರಟವನಿಗೆ ಇರಲಿಲ್ಲ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಪತ್ರಿಕಾ ವರದಿಯ ಆಧಾರದಲ್ಲಿ ಸ್ವಯಂಪ್ರೇರಣೆಯಿಂದ ಪ್ರಕರಣವನ್ನು ಕೈಗೆತ್ತಿಕೊಂಡಿತು. ಅದೇ ತಿಂಗಳ ಕೊನೆಗೆ ಸರ್ಕಾರ ಮಾಜಿ ಸೈನಿಕರ ಆರೋಗ್ಯ ಯೋಜನೆಯನ್ನು ಅವರಿಗೂ ವಿಸ್ತರಿಸಿತು. ದಶಕಗಳ ಕಾಲ ತಂದೆ ತಾಯಂದಿರು ಹಾಸಿಗೆಯ ಪಕ್ಕ ಕುಳಿತು ಕಾದ ಮೇಲೆ ಬಂದ ನೆರವಿದು. ಹದಿನೆಂಟರ ಮಗುವಿನಿಂದ ಮುಚ್ಚಳಿಕೆ ಬರೆಸಿಕೊಳ್ಳುವ ರಾಷ್ಟ್ರ ತಾನೂ ಒಂದು ಮುಚ್ಚಳಿಕೆಗೆ ಸಹಿ ಹಾಕಬೇಕಲ್ಲವೇ?

ಹಾಗಾಗಿ ಕಾಲೇಜು ವಿದ್ಯಾರ್ಥಿವೇತನದ ಬೇಡಿಕೆಯೊಡನೆ ಮೂರು ಷರತ್ತುಗಳೂ ಸೇರಿರಬೇಕು. ವೇತನ ಆರಂಭವಾದ ಮೊದಲ ಆರು ತಿಂಗಳಲ್ಲಿ ಮನಸ್ಸು ಬದಲಾದವರು ಋಣವಿಲ್ಲದೆ ಹಿಂದೆ ಸರಿಯುವಂತಿರಬೇಕು. ಅನಾರೋಗ್ಯದಿಂದ ಹೊರಬಿದ್ದವರಿಂದ ಒಂದು ರೂಪಾಯಿಯನ್ನೂ ವಸೂಲು ಮಾಡಬಾರದು. ತರಬೇತಿಯ ಮೊದಲ ದಿನದಿಂದಲೇ ಗಾಯಕ್ಕೂ ಅಂಗವೈಕಲ್ಯಕ್ಕೂ ಸೈನಿಕನಿಗಿರುವ ರಕ್ಷಣೆಯೇ ದೊರೆಯಬೇಕು.

ಉಳಿದದ್ದು ಧರ್ಮದ ಪ್ರಶ್ನೆ. ಶ್ರಾವಕಾಚಾರದ ವಿವೇಚನೆಯಲ್ಲಿ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ. ಗೃಹಸ್ಥನು ಸಂಪೂರ್ಣವಾಗಿ ತ್ಯಜಿಸಬೇಕಾದುದು ಸಂಕಲ್ಪಪೂರ್ವಕವಾದ ಹಿಂಸೆಯನ್ನು. ಆಕ್ರಮಣಕಾರನಿಂದ ತನ್ನವರನ್ನೂ ನಾಡನ್ನೂ ಕಾಪಾಡುವಾಗ ಅನಿವಾರ್ಯವಾಗಿ ಒದಗುವುದು ವಿರೋಧಿ ಹಿಂಸೆ. ಅದು ಪುಣ್ಯವೆಂದು ಯಾರೂ ಹೇಳಿಲ್ಲ, ಆದರೆ ಅಣುವ್ರತಿಗೆ ಅದರಿಂದ ಪೂರ್ಣ ನಿವೃತ್ತಿಯನ್ನು ವಿಧಿಸಿಯೂ ಇಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ; ಆ ಮೂರ್ತಿಗೆ ಸುತ್ತಾಲಯ ಕಟ್ಟಿಸಿದ ಗಂಗರಾಜ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ. ಮಹಾಮಸ್ತಕಾಭಿಷೇಕಕ್ಕೆ ಮುಂಬಯಿ, ದೆಹಲಿಗಳಿಂದ ಕುಟುಂಬ ಸಮೇತ ಹೋಗಿ ಕೈಮುಗಿಯುವವರು ಆ ಶಿಲೆಯನ್ನು ಕಡೆಸಿದ ಕೈ ಯಾವುದೆಂಬುದನ್ನೂ ನೆನೆಯಬೇಕು.

ಆದರೆ ಅದೇ ಶಿಲೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರು ನಿಂತಾಗ, ಸೈನಿಕರ ರಕ್ತ ಹರಿಯದಿರಲೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಇಬ್ಬರನ್ನೂ ಒಪ್ಪಿಸಿದವರು ಮಂತ್ರಿಗಳು. ಯುದ್ಧವನ್ನು ಹಂಬಲಿಸುವುದು ಜೈನ ಪರಂಪರೆಯ ಶೌರ್ಯವಲ್ಲ. ದೂರದರ್ಶನದ ಮುಂದೆ ಕುಳಿತು ಯುದ್ಧ ಬೇಕೆಂದು ಕೂಗಿ, ಸೇನೆಗೆ ಮಾತ್ರ ಪರರ ಮಕ್ಕಳು ಹೋಗಲೆಂದು ಬಯಸುವುದು ಅಹಿಂಸೆಯೂ ಅಲ್ಲ, ದೇಶಭಕ್ತಿಯೂ ಅಲ್ಲ. ಆಹಾರದ ನಿಯಮಗಳ ಬಗ್ಗೆಯೂ ಮುಚ್ಚುಮರೆ ಬೇಡ: ಸೇನೆಯ ಭೋಜನಶಾಲೆಯಲ್ಲಿ ಸಸ್ಯಾಹಾರ ಸಿಗುತ್ತದೆ, ರಾತ್ರಿಭೋಜನ ತ್ಯಾಗ, ಕಂದಮೂಲ ವರ್ಜನೆಗಳನ್ನು ತರಬೇತಿಯ ಕಾಲದಲ್ಲಿ ಕಟ್ಟುನಿಟ್ಟಾಗಿ ಪಾಲಿಸುವುದು ಕಠಿಣ. ನಿರ್ಧರಿಸಬೇಕಾದವರು ಆ ಯುವಕ ಯುವತಿಯರೇ ಹೊರತು ನೆಂಟರಿಷ್ಟರ ನಾಲಗೆಯಲ್ಲ.

ಸಮಾಜದ ಟ್ರಸ್ಟುಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಪ್ರತಿವರ್ಷ ಪ್ರಕಟಿಸುವ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಎನ್‌ಸಿಸಿ ಕೆಡೆಟ್‌ಗಳಿಗೆಂದು ಒಂದು ಸಾಲು ಸೇರಿಸಲಿ. ಅದಕ್ಕೆ ಸೇನೆ ಸೇರಲೇಬೇಕೆಂಬ ಕರಾರು ಬೇಡ. ಆಯ್ಕೆಯಾಗದೆ ಮರಳಿದವರಿಗೂ ಅದೇ ಗೌರವವಿರಲಿ. ಹತ್ತನೆಯ ತರಗತಿ ಮುಗಿಯುವಾಗಲೇ ಪರೀಕ್ಷೆಗಳ ವಯೋಮಿತಿ, ಶುಲ್ಕ, ಕರಾರುಗಳನ್ನು ಮಕ್ಕಳಿಗೂ ಪೋಷಕರಿಗೂ ಒಟ್ಟಿಗೆ ಕೂರಿಸಿ ವಿವರಿಸಲಿ, ಹೆಣ್ಣುಮಕ್ಕಳನ್ನು ಬಿಡದೆ. ಸಂಸದರು ಸಮಾಜದ ಸಭೆಗೆ ಬಂದಾಗ ಹಾರ ತುರಾಯಿಯ ಜೊತೆಗೆ ಗಾಯಾಳು ಕೆಡೆಟ್‌ಗಳ ಪಿಂಚಣಿಯ ಮನವಿಯನ್ನೂ ಅವರ ಕೈಗಿಡಲಿ.

ವಿದ್ಯಾರ್ಥಿವೇತನವೆಂಬುದು ಹಣವಷ್ಟೇ ಅಲ್ಲ. ಕೊಟ್ಟವರನ್ನೂ ಪಡೆದವರನ್ನೂ ಕಟ್ಟಿಹಾಕುವ ಋಣ. ಪಡೆದವನು ತನ್ನ ಯೌವನದಿಂದ ಅದನ್ನು ತೀರಿಸುತ್ತಾನೆ. ಕೊಟ್ಟ ರಾಷ್ಟ್ರ ತನ್ನ ಪಾಲನ್ನು ತೀರಿಸುವಂತೆ ನೋಡಿಕೊಳ್ಳುವುದು ಮನೆಯಲ್ಲಿ ಸುರಕ್ಷಿತರಾಗಿ ಉಳಿದವರೆಲ್ಲರ ಕರ್ತವ್ಯ.

ಜೈ ಜಿನೇಂದ್ರ.